ನೀಲಿ ಗೇಟು, ಹಸಿರು ಗೇಟು, ಗೇಟಿಲ್ಲ: ಪ್ರೀ-ಆರ್ಡರ್ ರದ್ದು ಮಾಡಿದ ನಾಲ್ಕು ದಿನ

ಒಂಬೈನೂರು ಕನ್ಸೋಲ್, ಆರೇ ನಿಮಿಷ. ಪರದೆ ಮೇಲೆ 'ಸ್ಟಾಕ್ ಮುಗಿದಿದೆ' ಅಂತ ಬಂದ ಕೂಡಲೇ ಆಫೀಸಿನಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಅದು ಒಂದು ಗೇಮ್ ಕನ್ಸೋಲಿನ ವಿಶೇಷ ಆವೃತ್ತಿ, ಪ್ರೀ-ಆರ್ಡರಿಗೆ ಬಿಟ್ಟಿದ್ದು, ಅಂದರೆ ಸಾಮಾನು ಬರೋ ಮುಂಚೆಯೇ ದುಡ್ಡು ಕಟ್ಟಿ ಕಾದಿರಿಸೋದು. ಒಳಗಿನ ಯಂತ್ರ ಹಳೆಯದೇ. ಮೈಬಣ್ಣ ಬೇರೆ, ಪೆಟ್ಟಿಗೆ ಮೇಲೆ ಒಂದು ಚಿತ್ರ ಜಾಸ್ತಿ, ಅಷ್ಟೇ. ಆದರೆ 'ಇಷ್ಟೇ ಮಾಡೋದು, ಮತ್ತೆ ಮಾಡಲ್ಲ' ಅಂತ ಕಂಪನಿ ಹೇಳಿತ್ತು. ಆ ಒಂದು ಮಾತಿಗೆ ಜನ ಮುಗಿಬಿದ್ದರು. ನಾನಾಗ ಒಂದು ಆನ್‌ಲೈನ್ ಅಂಗಡಿಯ ಆರ್ಡರ್ ಪರಿಶೀಲನೆ ತಂಡದಲ್ಲಿದ್ದೆ. ಅಂಗಡಿ ಯಾವುದು, ಕನ್ಸೋಲ್ ಯಾವುದು ಅನ್ನೋದು ಇಲ್ಲಿ ಬೇಡ. ಕದ್ದ ಕಾರ್ಡಿನಲ್ಲಿ ಸಾಮಾನು ಕೊಳ್ಳುವವರನ್ನು ಹಿಡಿಯೋದು ನಮ್ಮ ದಿನದ ಕೆಲಸ. ನಾಲ್ಕು ಜನ, ಒಂದು ಮೂಲೆ, ಕಿಟಕಿ ಇಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಸೀಟಿನ ಗೆಳೆಯ ನನ್ನ ಕುರ್ಚಿಯನ್ನೇ ತನ್ನ ಕಡೆ ಎಳೆದುಕೊಂಡ. "ಇಲ್ನೋಡು" ಅಂದ. ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ಅದೇ ಕನ್ಸೋಲ್, ಎರಡೂವರೆ ಪಟ್ಟು ಬೆಲೆಗೆ. ಒಂದಲ್ಲ ಎರಡಲ್ಲ, ಬೆರಳಾಡಿಸಿದಷ್ಟೂ ಬರುತ್ತಲೇ ಇತ್ತು. ನಮ್ಮ ಗೋಡೌನಿಗೇ ಇನ್ನೂ ಒಂದು ಪೆಟ್ಟಿಗೆ ಬಂದಿರಲಿಲ್ಲ. ಬರೋದಕ್ಕೆ ಐದು ವಾರ ಇತ್ತು. ಹಾಗಾದರೆ ಅವರು ಫೋಟೋ ಯಾವುದು ಹಾಕಿದ್ದರು ಅಂತೀರಾ? ನಾವು ಕಳಿಸಿದ 'ನಿಮ್ಮ ಆರ್ಡರ್ ತಲುಪಿದೆ, ಧನ್ಯವಾದ' ಇಮೇಲಿನ ಸ್ಕ್ರೀನ್‌ಶಾಟ್. ಆರ್ಡರ್ ಸಂಖ್ಯೆ ಕಾಣದ ಹಾಗೆ ಅದರ ಮೇಲೆ ಕಪ್ಪು ಗೀಟು ಎಳೆದಿದ್ದರು. ಒಬ್ಬ ಮಾತ್ರ ಗೀಟು ಎಳೆಯೋದು ಮರೆತಿದ್ದ. ಅವನ ಸಂಖ್ಯೆಯನ್ನು ಗೆಳೆಯ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ.

ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಬಂದರು. ಕನ್ಸೋಲ್ ಕಂಪನಿಯವರು ಮೇಲಿನವರಿಗೆ ಫೋನ್ ಮಾಡಿ ಬೈದಿದ್ದರಂತೆ.

"ಲಾಭಕ್ಕೆ ಮಾರೋರ ಆರ್ಡರ್ ಎಲ್ಲ ತೆಗೀರಿ. ಶುಕ್ರವಾರದೊಳಗೆ ಆಗಬೇಕು."

"ಯಾವ ನಿಯಮದ ಮೇಲೆ ತೆಗೆಯೋದು ಮೇಡಂ?"

"ಅಂದ್ರೆ?"

"ಒಬ್ಬರಿಗೆ ಒಂದೇ ಅಂತ ನಾವು ಎಲ್ಲೂ ಹಾಕಿಲ್ಲ."

ಅವರು ಅಲ್ಲೇ ನಿಂತು ಫೋನಿನಲ್ಲಿ ಪುಟ ತೆಗೆದು ನೋಡಿದರು. ಹಾಕಿರಲಿಲ್ಲ. ಎಷ್ಟು ಬೇಕು ಅನ್ನುವ ಚೌಕದಲ್ಲಿ 10ರ ತನಕ ಒತ್ತಬಹುದಿತ್ತು. ಯಾರೋ ಹಳೇ ಪುಟವೊಂದನ್ನು ನಕಲು ಮಾಡಿ, ಹೆಸರು ಮತ್ತು ಚಿತ್ರ ಬದಲಾಯಿಸಿ ಬಿಟ್ಟಿದ್ದರು. ಬ್ಯಾಟರಿ ಸೆಲ್ಲಿನ ಪುಟ ಇರಬೇಕು ಅಂತ ನನ್ನ ಗುಮಾನಿ.

ನಮ್ಮ ಷರತ್ತುಗಳಲ್ಲಿ, ಯಾರೂ ಓದದ ಜಾಗದಲ್ಲಿ, ಒಂದು ಸಾಲು ಮಾತ್ರ ಇತ್ತು. ಯಾವ ಆರ್ಡರನ್ನಾದರೂ ರದ್ದು ಮಾಡುವ ಹಕ್ಕು ನಮಗಿದೆ ಅಂತ. ಬಹಳಷ್ಟು ಆನ್‌ಲೈನ್ ಅಂಗಡಿಗಳಲ್ಲಿ ಇಂಥದ್ದೊಂದು ಸಾಲು ಇದ್ದೇ ಇರುತ್ತೆ. ಆರ್ಡರ್ ತಲುಪಿದೆ ಅನ್ನೋದು ಒಂದು ಮಾತು, ಆರ್ಡರ್ ಒಪ್ಪಿಕೊಂಡಿದ್ದೇವೆ ಅನ್ನೋದು ಇನ್ನೊಂದು ಮಾತು. ನಮ್ಮ ಷರತ್ತಿನ ಪ್ರಕಾರ ಸಾಮಾನು ಗೋಡೌನಿನಿಂದ ಹೊರಟಾಗಲೇ ವ್ಯಾಪಾರ ಕುದುರಿದ ಹಾಗೆ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರೋದು ಸರದಿಯ ಒಂದು ಚೀಟಿ. ಕಾಗದದ ಮೇಲೆ ನಾವು ಬಚಾವ್. ಆದರೆ ದುಡ್ಡು ಕಟ್ಟಿದವನು 'ನನಗೊಂದು ಸಿಕ್ತು' ಅಂತ ಮನೆಯವರಿಗೆಲ್ಲ ಹೇಳಿರ್ತಾನೆ, ಅಲ್ವಾ?

ಅವತ್ತು ಮಾರಾಟ ವಿಭಾಗದವರ ಜೊತೆ ಜಗಳವೇ ಆಯಿತು. ದುಡ್ಡು ಯಾರ ಜೇಬಿನಿಂದ ಬಂದರೇನು ಅನ್ನೋದು ಅವರ ವಾದ. ಕೊಂಡವನು ಆಡ್ತಾನೋ, ಮಾರ್ತಾನೋ, ಅಟ್ಟಕ್ಕೆ ಹಾಕ್ತಾನೋ, ಕಟ್ಟಿಕೊಂಡು ನಮಗೇನು? ಕೊಂಡ ಮೇಲೆ ವಸ್ತು ಅವನದು. ಈ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಕಾಲೇಜಿನಲ್ಲಿದ್ದಾಗ ಒಂದು ಪಂದ್ಯದ ಟಿಕೆಟ್ ಎರಡು ಜಾಸ್ತಿ ತಗೊಂಡು, ಗೇಟಿನ ಹತ್ತಿರ ಲಾಭಕ್ಕೆ ಮಾರಿ, ಆ ದುಡ್ಡಲ್ಲಿ ಶೂ ಕೊಂಡವನು ನಾನು. ಆದರೆ ಅವರು ಒಂದು ಲೆಕ್ಕ ಮರೆತಿದ್ದರು. ಕನ್ಸೋಲ್ ಒಂದನ್ನೇ ಮಾರಿದರೆ ಅಂಗಡಿಗೆ ಉಳಿಯೋದು ತೀರಾ ಕಡಿಮೆ. ದುಡ್ಡು ಇರೋದು ಎರಡನೇ ಕಂಟ್ರೋಲರಿನಲ್ಲಿ, ಗೇಮಿನಲ್ಲಿ, ಬ್ಯಾಗು ಚಾರ್ಜರಿನಲ್ಲಿ. ಮನೆಯಲ್ಲಿ ಕೂತು ಆಡುವವನು ವರ್ಷವೆಲ್ಲ ನಮ್ಮ ಹತ್ತಿರ ಬರ್ತಾನೆ. ಇನ್ನೊಬ್ಬ ಪೆಟ್ಟಿಗೆ ಎತ್ತಿಕೊಂಡು ಹೋದರೆ ಮುಖ ತೋರಿಸೋದು ಮುಂದಿನ ಬರಗಾಲಕ್ಕೇ. ಈ ಲೆಕ್ಕ ಹೇಳಿದ ಮೇಲೆ ಅವರು ಸುಮ್ಮನಾದರು. ಒಪ್ಪಿದರು ಅಂತಲ್ಲ, ಮನೆಗೆ ಹೋಗೋ ಹೊತ್ತಾಗಿತ್ತು.

ಮರುದಿನ ಎಲ್ಲ ಆರ್ಡರನ್ನೂ ಒಂದು ಎಕ್ಸೆಲ್ ಹಾಳೆಗೆ ಇಳಿಸಿಕೊಂಡೆವು. ಒಂದೇ ಖಾತೆಯಿಂದ ಹತ್ತು ತಗೊಂಡವರು ಮೊದಲು ಕಣ್ಣಿಗೆ ಬಿದ್ದರು. ಏಳು ಜನ. ಇವರ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಚೌಕ ಹತ್ತು ಅಂದಿತ್ತು, ಹತ್ತು ಒತ್ತಿದ್ದರು. ತಪ್ಪು ಚೌಕದ್ದು.

ಪಳಗಿದವರು ಹಾಗೆ ಸಿಗಲ್ಲ. ಒಂದು ಖಾತೆಗೆ ಒಂದೇ ಆರ್ಡರ್, ಅಚ್ಚುಕಟ್ಟು. ವಿಳಾಸವನ್ನು ಮಾತ್ರ ಸ್ವಲ್ಪ ಸ್ವಲ್ಪ ತಿರುಚಿರ್ತಾರೆ. ಅವರ ಭಾಷೆಯಲ್ಲಿ ಇದಕ್ಕೆ ಜಿಗ್ ಮಾಡೋದು ಅಂತ ಹೆಸರು. ಒಂದರಲ್ಲಿ 'ನಂ. 14'. ಇನ್ನೊಂದರಲ್ಲಿ 'ಹದಿನಾಲ್ಕು' ಅಂತ ಅಕ್ಷರದಲ್ಲಿ. ಮತ್ತೊಂದರಲ್ಲಿ '14, ಕೆಳಗಿನ ಮನೆ'. ಇನ್ನೂ ಒಂದರಲ್ಲಿ 14ರ ಮುಂದೆ ಅರ್ಥವಿಲ್ಲದ ಮೂರು ಅಕ್ಷರ. ಕಂಪ್ಯೂಟರಿನ ಕಣ್ಣಿಗೆ ನಾಲ್ಕು ಬೇರೆ ಮನೆ. ಡೆಲಿವರಿ ಹುಡುಗನಿಗೆ ಒಂದೇ ಬಾಗಿಲು. ಹಾಳೆಯನ್ನು ರಸ್ತೆ ಹೆಸರಿನ ಪ್ರಕಾರ ಜೋಡಿಸಿ, 'ಮನೆಯ ಗುರುತು' ಅನ್ನುವ ಕಾಲಮ್ಮಿಗೆ ಬಂದಾಗ ನಗು ತಡೆಯೋಕೆ ಆಗಲಿಲ್ಲ. ನೀಲಿ ಗೇಟು. ಹಸಿರು ಗೇಟು. ಕಪ್ಪು ಗೇಟು. ಬಿಳಿ ಗೇಟು. ತುಕ್ಕು ಹಿಡಿದ ಗೇಟು. ಗೇಟಿಲ್ಲ. ಒಂದೇ ರಸ್ತೆ, ಒಂದೇ ಸಂಖ್ಯೆ, ಇಪ್ಪತ್ತಮೂರು ಆರ್ಡರ್. 'ಗೇಟಿಲ್ಲ' ಅಂತ ಬರೆದ ಪುಣ್ಯಾತ್ಮನ ಮೇಲೆ ನನಗೆ ಸ್ವಲ್ಪ ಗೌರವವೇ ಹುಟ್ಟಿತು.

ಇಮೇಲಿನದು ಇನ್ನೊಂದು ಕಥೆ. ಜಿಮೇಲ್ ಹೆಸರಿನ ನಡುವೆ ಎಲ್ಲಿ ಚುಕ್ಕಿ ಇಟ್ಟರೂ ಪತ್ರ ಬೀಳೋದು ಒಂದೇ ಪೆಟ್ಟಿಗೆಗೆ. ಹೆಸರಿನ ಕೊನೆಗೆ ಪ್ಲಸ್ ಗುರುತು ಹಾಕಿ ಏನು ಸೇರಿಸಿದರೂ ಅಷ್ಟೇ. ನಮ್ಮ ಸಾಫ್ಟ್‌ವೇರಿಗೆ ಅದು ಗೊತ್ತಿರಲಿಲ್ಲ. ಚುಕ್ಕಿ ಜಾಗ ಬದಲಾಯಿಸಿದರೆ ಅದಕ್ಕೆ ಹೊಸ ಗ್ರಾಹಕ, ಜೊತೆಗೆ ಮೊದಲ ಖರೀದಿಯ ರಿಯಾಯಿತಿ ಬೇರೆ! ಚುಕ್ಕಿ ಮತ್ತು ಪ್ಲಸ್ ಎಲ್ಲ ಕಿತ್ತುಹಾಕಿದ ಮೇಲೆ ನಲವತ್ತು ಹೊಸ ಗ್ರಾಹಕರು ಆರು ಜನ ಆದರು.

ಕೊನೆಗೆ ವೇಗ ನೋಡಿದೆವು. ಪುಟ ತೆರೆದು, ಬುಟ್ಟಿಗೆ ಹಾಕಿ, ವಿಳಾಸ ತುಂಬಿ, ದುಡ್ಡು ಕಟ್ಟಿದ್ದು ಎಲ್ಲ ಸೇರಿ ಎರಡು ಸೆಕೆಂಡು. ಮನುಷ್ಯರ ಬೆರಳಿಗೆ ಆಗುವ ಮಾತಲ್ಲ. ಬಾಟ್ ಅಂದರೆ ಏನೋ ದೊಡ್ಡ ಮಂತ್ರ ಅಂದುಕೊಂಡಿದ್ದೆ. ನೋಡಿದರೆ ಫಾರಂ ತುಂಬುವ ಪುಟ್ಟ ಪ್ರೋಗ್ರಾಂ, ಸುಸ್ತಾಗಲ್ಲ ಅನ್ನೋದೇ ಅದರ ಬಲ. ನಮ್ಮದು ಚಿಕ್ಕ ಅಂಗಡಿ, ನೂರಾರು ಬಂದಿದ್ದವು. ಅಮೆರಿಕದ ವಾಲ್‌ಮಾರ್ಟ್ 2020ರ ನವೆಂಬರ್ 25ರಂದು ಪ್ಲೇಸ್ಟೇಷನ್ 5 ಕನ್ಸೋಲನ್ನು ಮಾರಾಟಕ್ಕೆ ಬಿಟ್ಟಾಗ, ಮೊದಲ ಅರ್ಧ ಗಂಟೆಯಲ್ಲೇ 2 ಕೋಟಿಗಿಂತ ಜಾಸ್ತಿ ಬಾಟ್ ಪ್ರಯತ್ನಗಳನ್ನು ತಡೆದೆವು ಅಂತ ಹೇಳಿಕೊಂಡಿತ್ತು. ಅದೇ ದೇಶದಲ್ಲಿ 2016ರಲ್ಲೇ ಬಾಟ್‌ಗಳ ವಿರುದ್ಧ ಕಾನೂನು ಬಂದಿದೆ. ಆದರೆ ಅದು ಕಾರ್ಯಕ್ರಮಗಳ ಟಿಕೆಟ್ಟಿಗೆ ಮಾತ್ರ. ಕನ್ಸೋಲು ಶೂಗಳ ಹತ್ತಿರ ಅದು ಸುಳಿಯಲ್ಲ.

ಎರಡನೇ ದಿನದ ಕೊನೆಗೆ 212 ಆರ್ಡರ್ ಕೆಂಪು ಬಣ್ಣದಲ್ಲಿದ್ದವು, ಅಂದರೆ ರದ್ದಾಗಬೇಕಾದವು. ಅವುಗಳ ಬಗ್ಗೆ ನನಗೆ ಒಂದು ಚೂರೂ ಅಳುಕಿರಲಿಲ್ಲ, ಇವತ್ತಿಗೂ ಇಲ್ಲ. ಸುಳ್ಳು ವಿಳಾಸ ಕೊಟ್ಟು, ಬಾಟ್ ಬಿಟ್ಟು ಸರದಿ ಹಾರಿದವನಿಗೆ 'ನನ್ನ ಜಾಗ ಕಿತ್ತುಕೊಂಡರು' ಅನ್ನುವ ಬಾಯಿ ಇಲ್ಲ.

ಹಳದಿ ಬಣ್ಣದಲ್ಲಿ, ಬರೀ ಅನುಮಾನದ ಮೇಲೆ, 64 ಉಳಿದಿದ್ದವು. ನಿದ್ದೆ ಕೆಡಿಸಿದ್ದು ಅವು.

ಒಂದು ವಿಳಾಸಕ್ಕೆ ಹನ್ನೊಂದು ಆರ್ಡರ್, ಹನ್ನೊಂದು ಹೆಸರು, ಹನ್ನೊಂದು ಕಾರ್ಡು. ಸಿಕ್ಕಿಬಿದ್ದರು ಅಂದುಕೊಂಡೆವು. ನೋಡಿದರೆ ವಿದ್ಯಾರ್ಥಿಗಳ ಹಾಸ್ಟೆಲ್. ಎಲ್ಲವೂ ಹಳೇ ಖಾತೆ, ಎಲ್ಲರೂ ಮುಂಚೆ ನಮ್ಮಲ್ಲಿ ಗೇಮ್ ಕೊಂಡವರು. ಹಸಿರು ಮಾಡಿದೆವು. ಇನ್ನೊಂದು ವಿಳಾಸಕ್ಕೆ ನಾಲ್ಕು ಆರ್ಡರ್ ಇದ್ದವು. ಅದನ್ನು ಗೆಳೆಯ ಎರಡು ಸಲ ಓದಿ, ನನ್ನ ಕಡೆ ತಿರುಗಿ, ಏನೂ ಹೇಳದೆ ಬೆರಳಿನಿಂದ ನೆಲ ತೋರಿಸಿದ. ನಮ್ಮ ಆಫೀಸಿನದೇ ವಿಳಾಸ. ನಾಲ್ಕರಲ್ಲಿ ಒಂದರ ಸಂಖ್ಯೆ ಮಾನಿಟರಿಗೆ ಅಂಟಿಸಿದ್ದ ಚೀಟಿಯಲ್ಲಿತ್ತು. ಗೀಟು ಎಳೆಯೋದು ಮರೆತವನು ಎರಡನೇ ಮಹಡಿಯಲ್ಲಿ ಕೂರುತ್ತಿದ್ದ. ಮೊನ್ನೆ ಚಪ್ಪಾಳೆ ತಟ್ಟಿದವರಲ್ಲಿ ಅವನೂ ಇದ್ದ. ಮ್ಯಾನೇಜರ್ ಅವನನ್ನು ಒಳಗೆ ಕರೆದರು. ಏನು ಮಾತಾಯಿತೋ ಗೊತ್ತಿಲ್ಲ, ಹೊರಗೆ ಬಂದು ನಮ್ಮ ಮೂಲೆ ಕಡೆ ನೋಡದೆ ಹೋದ.

ಉಳಿದವರಿಗೆ ಫೋನ್ ಮಾಡಿ ವಿಚಾರಿಸಿ ಅಂದರು. ಗುರುವಾರ ಇಡೀ ದಿನ ಅದೇ. ಹೆಚ್ಚಿನವರು ಫೋನ್ ಎತ್ತಲೇ ಇಲ್ಲ. ಎರಡು ಮಾತ್ರ ಹೇಳ್ತೀನಿ.

ಒಬ್ಬರದು ಒಂದೇ ಮನೆಗೆ ನಾಲ್ಕು ಆರ್ಡರ್, ನಾಲ್ಕು ಕಾರ್ಡು. ಫೋನ್ ಮೊದಲ ರಿಂಗಿಗೇ ಎತ್ತಿದರು.

"ಹೇಳಿ ಸರ್. ನಿಮ್ಮ ಕಡೆಯಿಂದ ಫೋನ್ ಬರುತ್ತೆ ಅಂದ್ಕೊಂಡಿದ್ದೆ. ನಾಲ್ಕು ಯಾಕೆ ಅಂತ ತಾನೇ?"

ನಾಲ್ಕು ಜನ ಅಣ್ಣತಮ್ಮಂದಿರು, ಒಟ್ಟಿಗೆ ಇದ್ದೇವೆ ಅಂದರು. ಒಂದು ತಂದರೆ ಮಕ್ಕಳು ಕಿತ್ತಾಡ್ತಾರೆ, ಅದಕ್ಕೆ ಒಬ್ಬೊಬ್ಬರ ಮಕ್ಕಳಿಗೆ ಒಂದರಂತೆ ನಾಲ್ಕು ಅಂದರು. ಮಕ್ಕಳ ಹೆಸರು ಹೇಳಿದರು, ವಯಸ್ಸು ಹೇಳಿದರು. ಕೊನೆಯವಳು ತನಗೆ ನೀಲಿ ಕಂಟ್ರೋಲರೇ ಬೇಕು ಅಂತ ಎರಡು ದಿನ ಊಟ ಬಿಟ್ಟಿದ್ದಳಂತೆ. ನಾನು ನಕ್ಕೆ. ಫೋನ್ ಇಟ್ಟು, ಆರ್ಡರಿನ ಟಿಪ್ಪಣಿಯಲ್ಲಿ ಹೀಗೆ ಬರೆದೆ: 'ಮಾತಾಡಿದೆ. ನಿಜವಾದ ಗ್ರಾಹಕರು. ಬಿಡಬಹುದು.'

ಇನ್ನೊಬ್ಬರು ಒಬ್ಬ ಹೆಂಗಸು. ಎರಡು ಆರ್ಡರ್. ಎರಡೂ ಹೊಸ ಖಾತೆ, ಕಾರ್ಡು ಒಂದೇ, ವಿಳಾಸ ಎರಡು.

"ಎರಡು ಆರ್ಡರ್ ಯಾಕೆ ಅಂತ ತಿಳ್ಕೋಬಹುದಾ ಮೇಡಂ?"

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನನ್ನ ದುಡ್ಡು. ಎರಡಾದ್ರೂ ತಗೋತೀನಿ, ನಾಲ್ಕಾದ್ರೂ ತಗೋತೀನಿ. ನಿಮಗ್ಯಾಕ್ರೀ ಲೆಕ್ಕ ಕೊಡಬೇಕು?"

"ಹಾಗಲ್ಲ ಮೇಡಂ, ಮಾರೋಕೆ ತಗೊಳ್ಳೋರು ಜಾಸ್ತಿ ಆಗಿದ್ದಾರೆ, ಅದಕ್ಕೆ..."

ಫೋನ್ ಕಟ್ ಆಯಿತು. ನಾನು ಎರಡನ್ನೂ ಕೆಂಪು ಮಾಡಿದೆ. ಆ ದಿನದ ಮೂವತ್ತನೇ ಫೋನೋ ಏನೋ ಅದು. ಯೋಚನೆ ಕೂಡ ಮಾಡಲಿಲ್ಲ.

ಶುಕ್ರವಾರ ರದ್ದು ಸಂದೇಶ ಹೋಗಬೇಕಿತ್ತು. 'ಅನುಮಾನಾಸ್ಪದ ಚಟುವಟಿಕೆ ಕಂಡುಬಂದಿದ್ದರಿಂದ' ಅಂತ ಕಾನೂನು ವಿಭಾಗದವರು ಬರೆದುಕೊಟ್ಟರು. ಕಾರಣ ನೇರವಾಗಿ ಹೇಳೋಣ, ತಪ್ಪಾಗಿದ್ದರೆ ಕರೆ ಮಾಡಲಿ ಅಂತ ಒಂದು ನಂಬರ್ ಕೊಡೋಣ ಅಂದೆ. ನಂಬರ್ ಕೊಟ್ಟರೆ ಎತ್ತೋಕೆ ಯಾರಿದ್ದಾರೆ ಅಂತ ಕೇಳಿದರು. ಅದೂ ಸರಿಯೇ. ಸಂದೇಶ ಹಾಗೇ ಹೋಯಿತು. ದುಡ್ಡನ್ನು ನಾವು ಆರ್ಡರ್ ದಿನವೇ ಪೂರ್ತಿ ತಗೊಂಡುಬಿಟ್ಟಿದ್ದೆವು. ವಾಪಸ್ ಸೇರೋಕೆ ವಾರ ಹಿಡಿಯಿತು. ಅಷ್ಟರಲ್ಲಿ ಬೇರೆ ಅಂಗಡಿಗಳಲ್ಲೂ ಸ್ಟಾಕ್ ಮುಗಿದಿತ್ತು. ನಿಜವಾಗಿ ಬೇಕಿದ್ದವರಿಗೆ ಇದೇ ದೊಡ್ಡ ಹೊಡೆತ. ಬಾಟ್ ಬಿಟ್ಟವನಿಗೆ ಕಾರ್ಡುಗಳ ಕಂತೆ ಇರುತ್ತೆ. ತಿಂಗಳ ಸಂಬಳದಲ್ಲಿ ಕೊಳ್ಳುವವನಿಗೆ ಇರೋದು ಅದೊಂದೇ ದುಡ್ಡು, ಅದು ನಮ್ಮಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಆ ಹೆಂಗಸಿನ ಇಮೇಲ್ ಸಂಜೆ ಬಂತು. ನಾಲ್ಕೇ ಸಾಲು. ಒಬ್ಬ ಮಗ ನನ್ನ ಹತ್ತಿರ ಇದ್ದಾನೆ, ಇನ್ನೊಬ್ಬ ಅವರ ಅಪ್ಪನ ಹತ್ತಿರ ಇದ್ದಾನೆ. ಇಬ್ಬರಿಗೂ ಒಂದೇ ತರಹದ್ದು ಕೊಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಇದನ್ನೆಲ್ಲ ಫೋನಿನಲ್ಲಿ ಗುರುತಿಲ್ಲದವರಿಗೆ ಹೇಳಬೇಕಿತ್ತಾ? ಓದಿದ ಕೂಡಲೇ ಮ್ಯಾನೇಜರ್ ಹತ್ತಿರ ಓಡಿದೆ. ಆದರೆ ರದ್ದಾದ ಆರ್ಡರ್‌ಗಳು ಮಧ್ಯಾಹ್ನವೇ ಕಾಯುವ ಪಟ್ಟಿಯವರಿಗೆ ತಾವಾಗೇ ಹೋಗಿದ್ದವು. ಒಂದು ಪೆಟ್ಟಿಗೆಯೂ ಕೈಯಲ್ಲಿರಲಿಲ್ಲ. ಕ್ಷಮಿಸಿ ಅಂತ ಬರೆದೆ. ಉತ್ತರ ಬರಲಿಲ್ಲ. ಆ ಎರಡು ಖಾತೆಗಳಲ್ಲಿ ಆಮೇಲೆ ಯಾವತ್ತೂ ಏನೂ ಕೊಂಡಿಲ್ಲ. ನಾನು ಆಗಾಗ ತೆಗೆದು ನೋಡುತ್ತಿದ್ದೆ.

ಆ ವಾರಾಂತ್ಯ ನನಗೆ ಹೊಳೆದದ್ದು ಇಷ್ಟು. ಎಷ್ಟು ಕೊಂಡರು ಅಂತ ನಾನು ಎಣಿಸಬಲ್ಲೆ. ಯಾಕೆ ಕೊಂಡರು ಅಂತ ಕಂಡುಹಿಡಿಯೋಕೆ ನನ್ನ ಕೈಲಿ ಆಗಲ್ಲ. 'ಮನೆಗೆ ಒಂದೇ, ಎರಡು ಬೇಕಾದವರು ಮೊದಲೇ ಕೇಳಿ' ಅಂತ ಪುಟದ ಮೇಲೆ ಒಂದು ಸಾಲು ಇದ್ದಿದ್ದರೆ, ಆಕೆ ಕೇಳುತ್ತಿದ್ದರೋ ಬಿಡುತ್ತಿದ್ದರೋ, ಅದು ಅವರ ಇಷ್ಟವಾಗುತ್ತಿತ್ತು. ಸಂಸಾರದ ಕಥೆಯನ್ನು ನನ್ನ ಮುಂದೆ ಬಿಚ್ಚಿ ಪಾಸಾಗುವ ಪರೀಕ್ಷೆ ಇರುತ್ತಿರಲಿಲ್ಲ. ಅಂಗಡಿಯವರು ರದ್ದು ಮಾಡಬೇಕಾ ಅಂತ ಯಾರಾದರೂ ಕೇಳಿದರೆ, ಮಾಡಬೇಕು ಅಂತಲೇ ಹೇಳ್ತೀನಿ. ಮೊದಲೇ ಹಾಕಿದ ನಿಯಮ ಮುರಿದಿದ್ದರೆ. ನಿಯಮ ಹಾಕೋದು ಮರೆತು, ಆಮೇಲೆ ಜನರ ಮನಸ್ಸು ಓದೋಕೆ ಕೂರೋದು ಬೇರೆ ಕೆಲಸ. ಆ ಕೆಲಸ ನಾನು ಮಾಡಿದ್ದೀನಿ, ಚೆನ್ನಾಗಿ ಮಾಡಲಿಲ್ಲ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2020ರ ಸೆಪ್ಟೆಂಬರ್ 17ರಂದು ಎನ್‌ವಿಡಿಯಾ ಕಂಪ್ಯೂಟರಿನಲ್ಲಿ ಗೇಮಿನ ಚಿತ್ರ ಮೂಡಿಸುವ ತನ್ನ 3080 ಗ್ರಾಫಿಕ್ಸ್ ಕಾರ್ಡ್ ಬಿಟ್ಟಾಗ, ಕಣ್ಣು ಮಿಟುಕಿಸೋದರೊಳಗೆ ಖಾಲಿಯಾಗಿ, ಆಮೇಲೆ ಆರ್ಡರ್‌ಗಳನ್ನು ಒಂದೊಂದಾಗಿ ಕೈಯಿಂದಲೇ ಪರಿಶೀಲಿಸುತ್ತಿದ್ದೇವೆ ಅಂತ ಹೇಳಬೇಕಾಯಿತು. ಓದುವಾಗ ಅಲ್ಲಿ ಕೂತಿರುವವರ ಬೆನ್ನು ನೋವು ನನಗೆ ಗೊತ್ತಾಯಿತು. ನೈಕಿ 2022ರ ಅಕ್ಟೋಬರಿನಲ್ಲಿ ತನ್ನ ಷರತ್ತುಗಳನ್ನು ತಿದ್ದಿ, ಮರುಮಾರಾಟಕ್ಕೆ ಅನ್ನಿಸಿದ ಆರ್ಡರ್ ರದ್ದು ಮಾಡಬಹುದು ಅಂತ ಬರೆದುಕೊಂಡಿತು. 'ಅನ್ನಿಸಿದ' ಅನ್ನುವಲ್ಲೇ ಎಲ್ಲ ತಾಪತ್ರಯ ಇರೋದು.

ನನಗೆ ಹಿಡಿಸಿದ್ದು ಬಾಗಿಲಲ್ಲೇ ಜರಡಿ ಹಿಡಿದವರು. 2021ರ ಜುಲೈನಲ್ಲಿ, ಕೈಯಲ್ಲಿ ಹಿಡಿದು ಗೇಮ್ ಆಡುವ ಸ್ಟೀಮ್ ಡೆಕ್‌ಗೆ ವಾಲ್ವ್ ಕಂಪನಿ ಒಬ್ಬರಿಗೆ ಒಂದೇ ಅಂದಿತು. ಪೂರ್ತಿ ದುಡ್ಡು ತಗೊಳ್ಳದೆ ಸಣ್ಣ ಮುಂಗಡ ತಗೊಂಡಿತು. ಮೊದಲ ಎರಡು ದಿನ, ಆ ವರ್ಷದ ಜೂನ್‌ಗಿಂತ ಮುಂಚೆ ಆ ಕಂಪನಿಯ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಏನಾದರೂ ಕೊಂಡಿದ್ದವರಿಗೆ ಮಾತ್ರ ಅವಕಾಶ. ನಿಂಟೆಂಡೊ 2025ರಲ್ಲಿ ಜಪಾನಿನ ತನ್ನ ಆನ್‌ಲೈನ್ ಅಂಗಡಿಯಲ್ಲಿ ಸ್ವಿಚ್ 2 ಕನ್ಸೋಲಿಗೆ ಲಾಟರಿ ಇಟ್ಟಿತು. ಹಳೇ ಸ್ವಿಚ್‌ನಲ್ಲಿ 50 ಗಂಟೆ ಆಡಿರಬೇಕು, ಅದರ ಆನ್‌ಲೈನ್ ಸದಸ್ಯತ್ವ ಒಟ್ಟು ಒಂದು ವರ್ಷವಾದರೂ ಇರಬೇಕು. ಆದರೂ 22 ಲಕ್ಷದಷ್ಟು ಜನ ಅರ್ಜಿ ಹಾಕಿದರು. ಚುಕ್ಕಿ ಜರುಗಿಸಿ ಒಂದು ರಾತ್ರಿಯಲ್ಲಿ ನೂರು ಖಾತೆ ಹುಟ್ಟಿಸಬಹುದು. ಐವತ್ತು ಗಂಟೆ ಆಡಿದ ನೂರು ಖಾತೆ ಹುಟ್ಟಿಸೋದು ಕಷ್ಟ. ಹಾಗಂತ ಇದೂ ಪೂರ್ತಿ ಸರಿಯಲ್ಲ. ಮೊದಲ ಸಲ ಮಗನಿಗೆ ಕೊಡಿಸುವ ತಾಯಿಗೆ ಅಲ್ಲಿ ಜಾಗ ಎಲ್ಲಿದೆ?

ಐದು ವಾರಕ್ಕೆ ಪೆಟ್ಟಿಗೆಗಳು ಬಂದವು, ಹೋದವು. ಅದಾಗಿ ಎರಡು ವಾರಕ್ಕೆ 'ಮತ್ತೆ ಮಾಡಲ್ಲ' ಅಂದಿದ್ದ ಕಂಪನಿಯೇ, ಬೇಡಿಕೆ ನೋಡಿ ಎರಡನೇ ಕಂತು ಬಿಟ್ಟಿತು. ನಾವು ನಾಲ್ಕು ದಿನ ಕಣ್ಣು ಕೆಂಪು ಮಾಡಿಕೊಂಡು ಮಾಡಲಾಗದ್ದು ಒಂದು ಲಾರಿ ಲೋಡಿನಿಂದ ಆಯಿತು. ಆ್ಯಪಿನಲ್ಲಿ ಎರಡೂವರೆ ಪಟ್ಟು ಇದ್ದ ಬೆಲೆ ವಾರದಲ್ಲಿ ಅಂಗಡಿ ಬೆಲೆಗೇ ಇಳಿಯಿತು.

ಆಮೇಲೆ ವಾಪಸ್ ಬರೋಕೆ ಶುರುವಾದವು. ತೆರೆಯದ ಪೆಟ್ಟಿಗೆಯನ್ನು 30 ದಿನದೊಳಗೆ ಹಿಂದಿರುಗಿಸಬಹುದು ಅನ್ನುವ ನಿಯಮವನ್ನು ಮಾತ್ರ ನಾವು ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ರದ್ದು ಮಾಡುವ ಗಲಾಟೆಯಲ್ಲಿ ಇದು ನಮ್ಮ ತಲೆಗೇ ಬಂದಿರಲಿಲ್ಲ. ಬೆಲೆ ಏರಿದರೆ ಲಾಭ ಅವನದು, ಇಳಿದರೆ ಪೆಟ್ಟಿಗೆ ನಮ್ಮದು. ಇಂಥ ಜೂಜು ಸಿಕ್ಕರೆ ಯಾರು ತಾನೇ ಆಡಲ್ಲ?

ವಾಪಸಾತಿ ವಿಭಾಗದಲ್ಲಿ ಜನ ಸಾಲದೆ ನಮ್ಮನ್ನೂ ಗೋಡೌನಿಗೆ ಕಳಿಸಿದರು. ಒಂದು ದೊಡ್ಡ ರಟ್ಟಿನ ಡಬ್ಬಿ ಬಂತು. ಬ್ಲೇಡಿನಿಂದ ಟೇಪು ಕೊಯ್ದೆ. ಒಳಗೆ ಒಂದರ ಮೇಲೊಂದು ನಾಲ್ಕು ಕನ್ಸೋಲ್. ನಾಲ್ಕಕ್ಕೂ ಸೀಲ್ ಹಾಗೇ ಇತ್ತು, ಮೇಲಿನ ಪ್ಲಾಸ್ಟಿಕ್ ಕೂಡ ಸುಕ್ಕಾಗಿರಲಿಲ್ಲ. ಮೊದಲನೆಯದನ್ನು ಸ್ಕ್ಯಾನ್ ಮಾಡಿದೆ. ಹಿಂದಿರುಗಿಸಲು ಕಾರಣ ಅನ್ನುವ ಜಾಗದಲ್ಲಿ 'ಮನಸ್ಸು ಬದಲಾಯಿತು' ಅಂತ ಇತ್ತು. ಅದರ ಕೆಳಗೆ, ಆರ್ಡರಿನ ಟಿಪ್ಪಣಿಯಲ್ಲಿ, ನನ್ನದೇ ಹೆಸರಿನ ಪಕ್ಕ: 'ಮಾತಾಡಿದೆ. ನಿಜವಾದ ಗ್ರಾಹಕರು. ಬಿಡಬಹುದು.'

ಉಳಿದ ಮೂರನ್ನೂ ಸ್ಕ್ಯಾನ್ ಮಾಡಿ, ದುಡ್ಡು ವಾಪಸ್ ಹೋಗುವ ಬಟನ್ ಒತ್ತಿದೆ.